ಹೋಲಿಕೆಗೊಂದು ರಕ್ತ

ವಂಶಪಾರಂಪರ್ಯವಾಗಿ ಬರುವ ರೋಗಗಳ ಜೀನ್‌ಗಳನ್ನು ಕೆದಕುತ್ತಲೇ ಹೆಸರು ಮಾಡಿದ್ದ ಪ್ರೊಫೆಸರರಿಗೆ ತಮ್ಮ ರಕ್ತದ ಮೇಲೆ ಭಾರೀ ಅಭಿಮಾನ. ರೋಗಿಯ ರಕ್ತದ ಜೊತೆ ಹೋಲಿಸಲು ಆರೋಗ್ಯವಂತರ ರಕ್ತ ಬೇಕಾದಾಗಲೆಲ್ಲ ತಮ್ಮ ತೋಳನ್ನೇ ಚಾಚುತ್ತಿದ್ದರು. "ಕಂಡಕಂಡವರ ರಕ್ತ ನಂಬೋಕಾಗಲ್ಲ" ಎನ್ನುತ್ತಿದ್ದರು.

ಅವರ ಮಗ ಮೆಚ್ಚಿದ ಹುಡುಗಿ ಅವರ ಪ್ರಯೋಗಾಲಯದಲ್ಲೇ ಸಂಶೋಧನಾ ವಿದ್ಯಾರ್ಥಿನಿ. ಅವಳ ತಾಯಿ ಅರವತ್ತರ ಹೊಸ್ತಿಲಲ್ಲಿ ವಂಶದಲ್ಲಿ ಹರಿದು ಬಂದು ವಯಸ್ಸಾದ ಮೇಲಷ್ಟೇ ತಲೆದೋರುವ ನಡುಕದ ರೋಗದಿಂದ ತೀರಿಕೊಂಡಿದ್ದರು.

"ಜಾತಿ, ಜಾತಕ ಏನೂ ಕೇಳಲ್ಲ ನಾನು," ಎಂದರು ಪ್ರೊಫೆಸರರು. "ನಿನ್ನ ರಕ್ತ ತೋರಿಸಮ್ಮ, ಸಾಕು. ಆ ರೋಗಕ್ಕೆ ನಾನು ಮೊನ್ನೆ ಕಂಡುಹಿಡಿದ ಪರೀಕ್ಷೆ ಇದೆಯಲ್ಲ, ನೀನೇ ಮಾಡು."

ವಾರ ಕಳೆದು ಅವಳು ಫಲಿತಾಂಶದ ಚಿತ್ರವನ್ನು ಮೇಜಿನ ಮೇಲಿಟ್ಟಳು. ಎಂದಿನಂತೆ ಅಕ್ಕಪಕ್ಕ ಎರಡು ರಕ್ತ: ಒಂದು ಅವಳದು, ಇನ್ನೊಂದು ಹೋಲಿಕೆಗೆ ಅವರು ಕೊಟ್ಟದ್ದು. ಒಂದರಲ್ಲಿ ರೋಗದ ಕಪ್ಪು ಗೆರೆ ಎದ್ದು ಕಾಣುತ್ತಿತ್ತು.

ಪ್ರೊಫೆಸರರು ಕೆಳಗಿದ್ದ ಹೆಸರು ಓದುವ ಗೋಜಿಗೇ ಹೋಗಲಿಲ್ಲ.

"ನೋಡಿದ್ಯಾ? ಬೀಜವೇ ಕೆಟ್ಟಿದೆ. ಈ ರಕ್ತ ನನ್ನ ಮಗನ ಹತ್ತಿರ ಸುಳೀಬಾರದು."

"ಅವರ ಮೈಯಲ್ಲಿ ಆಗಲೇ ಹರೀತಿರಬಹುದು ಸರ್," ಎಂದಳು ಹುಡುಗಿ. "ಆ ಗೆರೆ ಇರೋದು ನಿಮ್ಮ ರಕ್ತದಲ್ಲಿ."