ಧಾರಾವಾಹಿಯ ಹಿರಿಮಗ

“ಬಂದನೇನ ಅಂವ?”

ಸಿದ್ದವ್ವ ಪಕ್ಕದ ಮನೆಯ ಹೊಸ್ತಿಲು ದಾಟುವ ಮೊದಲೇ ಜೈತೂನಬಿ ಮಲಗಿದಲ್ಲಿಂದ ಕೇಳಿದಳು. ಕೇಳಿದ್ದು ಟಿವಿ ಧಾರಾವಾಹಿಯ ಹಿರಿಮಗ ಶಿವರಾಯನ ಸುದ್ದಿ. ನಾಡಿನ ಗಡಿಯಲ್ಲಿ ಕಾಡು ಕಡಿದು ಹೊಲ ಮಾಡಿಕೊಂಡ ಒಂದು ಮನೆತನದ ಕಥೆ ಅದು. ವರ್ಷಗಟ್ಟಲೆ ಎಳೆದರೂ ಮುಗಿದಿರಲಿಲ್ಲ. ಅಪ್ಪನೊಡನೆ ಜಗಳವಾಡಿ ಹೊಳೆ ದಾಟಿ ಹೋದ ಶಿವರಾಯ ತಿರುಗಿ ಬಂದಿರಲಿಲ್ಲ. ಬ್ಯಾಡಗಿಯ ಪೇಟೆಯಲ್ಲಿ ದಿನವಿಡೀ ಮೆಣಸಿನಕಾಯಿ ತೊಟ್ಟು ಮುರಿದು, ಉರಿಯುವ ಕೈಗೆ ಎಣ್ಣೆ ಸವರಿಕೊಂಡು, ಸಂಜೆ ಸಿದ್ದವ್ವನ ಮನೆಯಲ್ಲಿ ಇಬ್ಬರೂ ಅವನ ಹಾದಿ ಕಾಯುತ್ತಿದ್ದರು. ಜೈತೂನಬಿ ಹಾಸಿಗೆ ಹಿಡಿದ ಮೇಲೆ ಸಿದ್ದವ್ವನೇ ನೋಡಿಬಂದು ಕಥೆ ಹೇಳುತ್ತಿದ್ದಳು.

ಇವತ್ತೂ ಅವನು ಬಂದಿರಲಿಲ್ಲ. ಆದರೆ ಡಾಕ್ಟರು ಕೈಚೆಲ್ಲಿದ್ದರು. ಜೈತೂನಬಿ ಮುಂಜಾನೆಯಿಂದ ಗುಟುಕು ನೀರು ಮುಟ್ಟಿರಲಿಲ್ಲ. ಲಾರಿ ಹತ್ತಿ ಹೋದ ಅವಳ ಮಗ ಮೆಹಬೂಬನ ಪತ್ತೆಯೇ ಇಲ್ಲ. ಮಗ ಬಂದನೆಂದು ಸುಳ್ಳು ಹೇಳಲು ಸಿದ್ದವ್ವನಿಗೆ ನಾಲಿಗೆ ಏಳದು. ಶಿವರಾಯನನ್ನು ಕರೆಸಲು ಯಾರ ಅಪ್ಪಣೆ ಬೇಕು?

“ಬಂದ ನೋಡ! ಅಂಗಳದಾಗ ನಿಂತು ‘ಯವ್ವಾ’ ಅಂದ.”

“ಖರೇನ? ಅವರವ್ವ ಏನ ಮಾಡಿದ್ಲು?”

“ಏನ ಮಾಡ್ತಾಳ, ಗಳಗಳ ಅತ್ತಳು. ಆಮ್ಯಾಲ ತಾಟ ಇಟ್ಲು. ಬಿಸಿ ರೊಟ್ಟಿ, ಕೆಂಪ ಚಟ್ನಿ, ಮ್ಯಾಲ ಬೆಣ್ಣಿ. ಹಸದಿದ್ದ, ಗಬಗಬ ತಿಂದ.”

ಜೈತೂನಬಿಯ ಒಣಗಿದ ತುಟಿಯಲ್ಲಿ ನಗು ಮೂಡಿತು. “ಅವರು ಅನ್ನ ಉಣ್ಣೋ ಮಂದಿ, ಸಿದ್ದವ್ವಾ. ಇಷ್ಟ ವರ್ಷದಾಗ ಆ ಮನ್ಯಾಗ ಒಮ್ಮೆರ ರೊಟ್ಟಿ ಬಡದದ್ದ ನೋಡೀಯೇನು?”

ಸಿದ್ದವ್ವ ಪೆಚ್ಚಾದಳು. ಗಡಿಬಿಡಿಯಲ್ಲಿ ತಾನು ಬಡಿಸಿದ್ದು ಮೆಹಬೂಬನ ಊಟ. ಚಿಕ್ಕವನಿದ್ದಾಗ ಅವನು ಸಿದ್ದವ್ವನ ಒಲೆಯ ಮುಂದೆ ಕುಳಿತು ತಿನ್ನುತ್ತಿದ್ದುದು ಅದನ್ನೇ.

“ಇರ್ಲಿ ಬಿಡು,” ಜೈತೂನಬಿ ಗೆಳತಿಯ ಕೈ ಹಿಡಿದುಕೊಂಡಳು. “ಉಂಡನಲ್ಲ, ಸಾಕು. ಒಂದೀಟು ನೀರ ಕೊಡು.”

ಅದೇ ಅವಳು ಕುಡಿದ ಕೊನೆಯ ನೀರು.

ಅವಳನ್ನು ಮಣ್ಣು ಮಾಡಿ ವಾರವೂ ಆಗಿರಲಿಲ್ಲ. ಒಬ್ಬಳೇ ಟಿವಿ ಮುಂದೆ ಕುಳಿತಿದ್ದ ಸಿದ್ದವ್ವನ ಎದುರು ಶಿವರಾಯ ನಿಜವಾಗಿಯೂ ಬಂದ. ಗಡ್ಡ ಬಿಟ್ಟುಕೊಂಡು ಬಂದವನು ಅಂಗಳದಲ್ಲಿ ನಿಂತು ತಾಯಿಯನ್ನು ಕೂಗಿದ. ಸಿದ್ದವ್ವನಿಗೆ ಸಿಟ್ಟೂ ಅಳುವೂ ಒಟ್ಟಿಗೇ ಉಕ್ಕಿ ಬಂದವು.

“ಈಗ ಬಂದ್ಯೇನೋ ಭಾಡ್ಯಾ?” ಎಂದು ಟಿವಿಗೇ ಬೈದಳು. “ನಿನ್ನ ತಾಟ ತೊಳದ ಇಟ್ಟಾತು.”