ಕಟಿಂಗ್ ಕೆಟ್ಟ ಅಂಗಿ

"ಅಂಗಿಯ ತೂತಿಗೂ ಎದೆಯ ಗಾಯಕ್ಕೂ ತಾಳೆಯೇ ಆಗ್ತಿಲ್ಲ ಅಕ್ಕಾ. ತೂತು ನಾಲ್ಕು ಬೆರಳು ಕೆಳಗಿದೆ," ಎನ್ನುತ್ತ ಆರ್ಕಿಟೆಕ್ಟ್ ಕಟಿಂಗ್ ಮೇಜಿನ ಮೇಲೆ ಫೋಟೋ ಹರಡಿದ. ಅಂಗಿಯಷ್ಟೇ ದೊಡ್ಡದಾಗಿ ಪ್ರಿಂಟ್ ಹಾಕಿಸಿದ್ದ. ಅಸಲು ಅಂಗಿ ವಿಚಾರಣಾ ಆಯೋಗದ ಬೀರುವಿನಲ್ಲಿತ್ತು.

ಅದನ್ನು ತೊಟ್ಟು ಪೊಲೀಸರ ಗುಂಡಿಗೆ ಸತ್ತವನು ಟೈಲರಕ್ಕನ ತಮ್ಮ, ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದವನು. ಬಲಗೈಯಲ್ಲಿ ಚಾಕು ಎತ್ತಿಕೊಂಡು ಮೈಮೇಲೆ ಬಿದ್ದ, ವಿಧಿಯಿಲ್ಲದೆ ಗುಂಡು ಹಾರಿಸಿದೆವು ಎಂದು ಪೊಲೀಸರು ಬರೆದಿದ್ದರು. ಮನೆ ಕಟ್ಟುವ ಓದು ಓದಿ, ಗುಂಡು ಹಾರಿದ ಜಾಗಗಳನ್ನು ಅಳೆಯುವುದನ್ನೇ ಕಸುಬು ಮಾಡಿಕೊಂಡಿದ್ದ ಈ ಆರ್ಕಿಟೆಕ್ಟ್ ಆ ಸಾವು ನಡೆದ ಓಣಿಯನ್ನು ಇಂಚಿಂಚೂ ಅಳೆದಿದ್ದ. ಗೋಡೆ, ಚರಂಡಿ, ಕಿಟಕಿ, ಯಾರು ಎಲ್ಲಿ ನಿಂತಿದ್ದರು, ಎಲ್ಲವೂ ನಕ್ಷೆಯಲ್ಲಿತ್ತು. ಸೇರದೆ ಉಳಿದದ್ದು ಈ ಅಂಗಿಯೊಂದೇ. ಮನೆಯವರೇ ಅಂಗಿ ಬದಲಾಯಿಸಿದ್ದಾರೆ ಎಂದು ಸರ್ಕಾರಿ ವಕೀಲರು ವಾದ ಹೂಡಿದ್ದರು. ನಾಳಿದ್ದಿನ ವಿಚಾರಣೆಯಲ್ಲಿ ಆ ವಾದ ಗೆದ್ದರೆ ಟೈಲರಕ್ಕನ ತಮ್ಮ ಚಾಕು ಹಿಡಿದವನಾಗಿಯೇ ಉಳಿಯುತ್ತಿದ್ದ.

"ನಾನೇ ಹೊಲಿದ ಅಂಗಿ ಇಂಜಿನಿಯರ್ರೇ, ನಂಗೆ ಗುರುತು ಸಿಗಲ್ವಾ?" ಟೈಲರಕ್ಕ ಕನ್ನಡಕ ಏರಿಸಿದಳು. ತಾನು ಇಂಜಿನಿಯರ್ ಅಲ್ಲ ಎಂದು ಹೇಳಿ ಹೇಳಿ ಅವನು ಸೋತಿದ್ದ. ಅವಳ ಬೆರಳು ಫೋಟೋದ ಹೊಲಿಗೆಯ ಗುಂಟ ಹೋಗಿ ಕಂಕುಳಿನಲ್ಲಿ ನಿಂತಿತು. ಮುಖ ಸಣ್ಣದಾಯಿತು. ತನ್ನ ಹೊಲಿಗೆಗೆ ಕೊಂಕು ತೆಗೆದವರನ್ನು ಕತ್ತರಿ ಹಿಡಿದೇ ಅಟ್ಟಿಸಿಕೊಂಡು ಹೋಗುವವಳು ಅವಳು.

"ಒಂದು ಮಾತು ಹೇಳ್ತೀನಿ, ಬೀದಿಗೆ ಗೊತ್ತಾಗಬಾರದು. ಇದರ ಕಂಕುಳು ಒಂದೂವರೆ ಇಂಚು ಜಾಸ್ತಿ ಇಳಿಸಿಬಿಟ್ಟಿದ್ದೆ. ಕೈ ಎತ್ತಿದ್ರೆ ಅಂಗಿಗೆ ಅಂಗೀನೇ ಮೇಲೆ ಹೋಗುತ್ತೆ. 'ಏಣಿ ಹತ್ತಿದ್ರೆ ನನ್ನ ಹೊಟ್ಟೆ ಊರಿಗೆಲ್ಲ ಕಾಣುತ್ತೆ ಕಣಕ್ಕಾ' ಅನ್ನೋನು. ಹೊಟ್ಟೆ ಕರಗಿಸ್ಕೋ, ತಪ್ಪು ನನ್ನ ಕತ್ತರಿ ಮೇಲೆ ಯಾಕೆ ಹಾಕ್ತೀಯ ಅಂತಿದ್ದೆ. ಎಷ್ಟು ಸಲ ಕೇಳಿದ, ಸರಿ ಮಾಡಿಕೊಡಲೇ ಇಲ್ಲ."

"ಕೈ ಎತ್ತಿದ್ರೆ ಅಂದ್ರಲ್ಲ ಅಕ್ಕಾ, ಒಂದು ಕೈನಾ, ಎರಡಾ?"

"ಒಂದೇ ಎತ್ತಿದ್ರೆ ಆ ಕಡೆಗೆ ಓರೆಯಾಗುತ್ತೆ. ಈ ತೂತು ನೋಡಿ, ಗಾಯಕ್ಕೆ ನೇರ ಕೆಳಗೆ..." ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಗುಂಡು ಬಿದ್ದಾಗ ಅವಳ ತಮ್ಮ ಎರಡೂ ಕೈ ಮೇಲೆತ್ತಿ ನಿಂತಿದ್ದ.

ಟೈಲರಕ್ಕ ಮೇಜಿಗೆ ತಲೆಯಿಟ್ಟು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಎದ್ದು, ಅಳತೆ ಪುಸ್ತಕದಲ್ಲಿ ತಮ್ಮನ ಪುಟ ತೆಗೆದಳು. ಆಯೋಗಕ್ಕೆ ತೋರಿಸಲು ಅಂಥದೇ ಇನ್ನೊಂದು ಅಂಗಿ ಕತ್ತರಿಸಿದಳು: ಅದೇ ಥರದ ಬಟ್ಟೆ, ಅದೇ ಅಳತೆ, ಅದೇ ಒಂದೂವರೆ ಇಂಚಿನ ತಪ್ಪು. ಕೈ ತಾನಾಗಿ ಕಂಕುಳನ್ನು ಸರಿಪಡಿಸಲು ಹೋಗುತ್ತಿತ್ತು. ಕೈಯನ್ನು ಗದರಿಸಿಕೊಂಡು ಕಂಕುಳನ್ನು ಕೆಡಿಸಿದಳು. ಮೂವತ್ತು ವರ್ಷ ಕತ್ತರಿ ಹಿಡಿದವಳು ಬೇಕೆಂದೇ ಕೆಟ್ಟ ಅಂಗಿ ಹೊಲಿಯುವುದು ಸಣ್ಣ ಮಾತಲ್ಲ. ಕತೆ ಹೇಳುವ ನನ್ನಿಂದಂತೂ ಆಗುತ್ತಿರಲಿಲ್ಲ.

ಆಯೋಗದ ಮುಂದೆ ಆರ್ಕಿಟೆಕ್ಟೇ ಆ ಅಂಗಿ ತೊಟ್ಟು ನಿಂತ; ಅವನದೂ ತಮ್ಮನದೇ ಮೈಕಟ್ಟು. ಒಳಗಿನ ಬನಿಯನ್ನಿನ ಮೇಲೆ ಗಾಯವಿದ್ದ ಜಾಗಕ್ಕೆ ಕೆಂಪು ಗುರುತು, ಅಂಗಿಯಲ್ಲಿ ಅಸಲಿನಂತೆಯೇ ತೂತು. ಕೈ ಇಳಿಬಿಟ್ಟಾಗ ಕೆಂಪು ಕಾಣಲಿಲ್ಲ. ಬಲಗೈ ಎತ್ತಿದಾಗ ತೂತು ಓರೆಗೆ ಸರಿಯಿತು. ಎರಡೂ ಕೈ ಎತ್ತಿದ. ಕೆಂಪು ಗುರುತು ತೂತಿನ ನಟ್ಟನಡುವೆ ಬಂದು ನಿಂತಿತು. ಆಯೋಗದ ಅಧ್ಯಕ್ಷರು ಕೂತಲ್ಲೇ ತಮ್ಮ ಎರಡೂ ಕೈ ಮೆಲ್ಲಗೆ ಎತ್ತಿ, ಕೋಟು ಎಷ್ಟು ಮೇಲೇರಿತೆಂದು ಬಗ್ಗಿ ನೋಡಿಕೊಂಡರು.

ಸರ್ಕಾರಿ ವಕೀಲರು ಬಿಡಲಿಲ್ಲ. "ಹಾಗಾದ್ರೆ ಈ ಅಂಗಿ ಕೆಟ್ಟದಾಗಿ ಹೊಲಿದಿದ್ದು ಅಂತ ಎಲ್ಲರ ಮುಂದೆ ಒಪ್ಕೊಳ್ತೀರೇನಮ್ಮಾ?"

ಅರ್ಧ ಬೀದಿಯೇ ಬಂದು ಹಿಂದೆ ಕೂತಿತ್ತು. ಟೈಲರಕ್ಕ ಅವರತ್ತ ಒಮ್ಮೆ ತಿರುಗಿ ನೋಡಿ, ತಲೆ ಎತ್ತಿ ನಿಂತಳು.

"ಒಪ್ಕೊಳ್ತೀನಿ ಸಾರ್. ನನ್ನ ಕಡೆ ತಪ್ಪು ಒಂದೂವರೆ ಇಂಚು, ಬರ್ಕೊಳ್ಳಿ. ಇನ್ನು ನಿಮ್ಮ ಕಡೆಯೋರು ಹೇಳ್ಲಿ."