ಕೆನ್ನೇರಳೆಯ ನಾತ

ಗಂಡನ ಹಾಸಿಗೆಯ ಪಕ್ಕ ಕೂರುವ ಮುಂಚೆ ಮಹಾರಾಣಿ ಅಮಂತಿಯಾ ತನ್ನ ಕೈಯನ್ನು ಇನ್ನೊಮ್ಮೆ ಮೂಸಿ ನೋಡಿಕೊಂಡಳು. ಹಾಳು ನಾತ ಹೋಗಿರಲಿಲ್ಲ! ಕಡಲ ಬಸವನಹುಳುವಿನಿಂದ ತೆಗೆದ ಕೆನ್ನೇರಳೆ ಬಣ್ಣ ಅದು. ಬಟ್ಟೆ ಮುಟ್ಟಿದ ಕೈ ವಾರವಾದರೂ ಕೊಳೆತ ಮೀನಿನಂತೆ ನಾರುತ್ತದೆ. ಆ ಬಣ್ಣದ ನಿಲುವಂಗಿ ರೋಮಿನ ಚಕ್ರವರ್ತಿಗೆ ಮಾತ್ರ. ಬೇರೆಯವರು ಗುಟ್ಟಾಗಿ ಹೊಲಿಸಿದರೆ ತಲೆ ಹೋಗುತ್ತದೆ.

ಅವಳು ಹೊಲಿಸಿದ್ದಳು. ಒಂಬತ್ತು ವರ್ಷದ ಮಗನ ಅಳತೆಗೆ. ಇನ್ನೇನು ಮಾಡಿಯಾಳು ಪಾಪ? ಚಕ್ರವರ್ತಿ ಉರ್ಸಿಯಾನಸ್ ತಿಂಗಳಿಂದ ಮಲಗಿದಲ್ಲೇ ಇದ್ದಾನೆ, ತನ್ನ ನಂತರ ಯಾರು ಎಂದು ಬಾಯಿ ಬಿಡುತ್ತಿಲ್ಲ. ಅವನು ಕಣ್ಣು ಮುಚ್ಚಿದ ಗಳಿಗೆಯಲ್ಲಿ ನಿಲುವಂಗಿ ಯಾರ ಮೈಮೇಲಿರುತ್ತದೋ ಸೈನಿಕರು ಅವರಿಗೇ ಜೈಕಾರ ಹಾಕುತ್ತಾರೆ. ಉಳಿದ ವಾರಸುದಾರರು ಅಂದೇ ಮಣ್ಣಾಗುತ್ತಾರೆ.

ಹಾಸಿಗೆಯ ಆ ಬದಿಯಲ್ಲಿ ಮೈದುನ ಕ್ಯಾಂಡಿಡಸ್ ಕೂತಿದ್ದ. ಅವನು ಮೂಗು ಅರಳಿಸಿದ.

"ಏನತ್ತಿಗೆ, ಏನೋ ನಾರ್ತಾ ಇದೆಯಲ್ಲ?"

ಅಮಂತಿಯಾ ಕೈಯನ್ನು ಮಡಿಲಿಗೆ ಎಳೆದುಕೊಂಡಳು. "ಬೆಳಿಗ್ಗೆ ಮೀನು ತಿಂದೆ ಕಣಪ್ಪ. ಅದೇ ಇರ್ಬೇಕು."

ಅಷ್ಟರಲ್ಲಿ ಅವನು ಅಣ್ಣನ ಹೊದಿಕೆ ಸರಿಮಾಡಲು ಬಗ್ಗಿದ. ಗುಲಾಬಿ ಎಣ್ಣೆಯ ಘಮಲು ಮುಖಕ್ಕೆ ಬಡಿಯಿತು, ಅದರ ಅಡಿಯಿಂದ ಅದೇ ನಾತ.

"ನೀನೂ ಮೀನೇ ತಿಂದ ಹಾಗಿದೆ?"

"ಹೂಂ... ಒಂದೆರಡು ತುಂಡು."

"ಗುಲಾಬಿ ಎಣ್ಣೇಲಿ ಕರಿದಿದ್ರಾ?"

ಕ್ಯಾಂಡಿಡಸನ ಮುಖ ಬಿಳಿಚಿಕೊಂಡಿತು. ಒಬ್ಬರು ಬಾಯಿಬಿಟ್ಟರೆ ಇಬ್ಬರ ತಲೆಯೂ ಉರುಳುತ್ತದೆ.

ಆಗ ಅರಮನೆಯ ವೈದ್ಯ ಥಿಯೋಡಾಸ್ ಬಟ್ಟಲು ಹಿಡಿದು ಬಂದ. ಅವನ ಅಳಿಯ ಕಾವಲುಪಡೆಯ ನಾಯಕ.

"ಪ್ರಭು, ಇವತ್ತು ಹೊಸ ಕಷಾಯ. ಗಟಗಟ ಅಂತ ಕುಡಿದುಬಿಡಿ," ಎಂದು ಬಟ್ಟಲು ಚಾಚಿದ. ಅಂಗಿಯ ತೋಳಿನ ಒಳಗಿಂದ ಗಪ್ಪೆಂದು ಬಂತು ಅದೇ ನಾತ. ಬಿಸಿಬಿಸಿ, ಹೊಚ್ಚ ಹೊಸದು.

ಅಮಂತಿಯಾ ಬಟ್ಟಲು ನೋಡಿದಳು. ಅಯ್ಯೋ, ಇವತ್ತೇ! ಅಳಿಯ ನಿಲುವಂಗಿ ತೊಟ್ಟುಕೊಂಡು ಕಾದಿದ್ದಾನೆ. ಸಂಜೆಯೊಳಗೆ ನನ್ನ ಕೂಸಿನ ಕತ್ತು!

"ಕುಡೀಬೇಡಿ ರೀ!"

"ಕುಡೀಬೇಡ ಅಣ್ಣಾ!"

ಇಬ್ಬರೂ ಒಟ್ಟಿಗೆ ಎಗರಿದರು. ಅವಳು ಬಟ್ಟಲಿಗೆ ಕೈಯಿಕ್ಕಿದಳು, ಅವನು ವೈದ್ಯನ ಮುಂಗೈ ಹಿಡಿದ. ಕಷಾಯವೆಲ್ಲ ನೆಲಕ್ಕೆ ಚೆಲ್ಲಿ ಅಮೃತಶಿಲೆಯ ಮೇಲೆ ಬುಸುಗುಟ್ಟಿತು. ವೈದ್ಯ ಕೊಸರಿಕೊಂಡು ಕಾಲಿಗೆ ಬುದ್ಧಿ ಹೇಳಿದ.

ಉರ್ಸಿಯಾನಸ್ ನಿಧಾನವಾಗಿ ಎದ್ದು ದಿಂಬಿಗೆ ಒರಗಿದ.

"ಹನ್ನೆರಡು ವರ್ಷ ಈ ನಿಲುವಂಗಿ ಹಾಕ್ಕೊಂಡೂ ಹಾಕ್ಕೊಂಡೂ ನನ್ನ ಮೂಗು ಸತ್ತೇಹೋಗಿದೆ ಕಣ್ರೋ," ಎಂದ. "ಅದಕ್ಕೇ ಆ ಕಡೆ ಒಬ್ಬರು, ಈ ಕಡೆ ಒಬ್ಬರು ಅಂತ ನಿಮ್ಮನ್ನ ಕೂರಿಸ್ಕೊಂಡಿರೋದು. ಹೋಗಿ, ಊಟ ಬರೋದ್ರೊಳಗೆ ಅಡುಗೆಯವನನ್ನೂ ಒಂದ್ಸಲ ಮೂಸ್ಕೊಂಡು ಬನ್ನಿ."